ಥಿನ್ನರ್ ಆವಿ ತಿನ್ನುವ ಗೊಬ್ಬರದ ಹಾಸಿಗೆ: ನಮ್ಮ ಗ್ಯಾರೇಜುಗಳಿಗೆ ಆಗುತ್ತಾ?

ಬಾಗಲಕೋಟೆ: ಗಾಡಿಗೆ ಬಣ್ಣ ಹೊಡೆಯುವ ಗ್ಯಾರೇಜು ಇರಲಿ, ಬಾಗಿಲಿಗೆ ಪಾಲಿಶ್ ಹಚ್ಚುವ ಅಂಗಡಿ ಇರಲಿ, ಮುಂದೆ ಹಾದು ಹೋದರೆ ಸಾಕು, ಥಿನ್ನರ್ ವಾಸನೆ ಮೂಗಿಗೆ ಬಡಿಯುತ್ತದೆ. ಬಾದಾಮಿ, ಹುನಗುಂದ, ಇಳಕಲ್, ಎಲ್ಲಿ ಹೋದರೂ ಇದೇ ಕಥೆ. ಟಾಲ್ವೀನ್, ಕ್ಸೈಲೀನ್‌ನಂಥ ದ್ರಾವಕಗಳ ಆವಿಯದೇ ಆ ವಾಸನೆ. ಇದರಿಂದ ತಲೆನೋವು, ತಲೆಸುತ್ತು ಕೂಡಲೇ ಬರುತ್ತವೆ. ವರ್ಷಗಟ್ಟಲೆ ಉಸಿರಾಡಿದರೆ ನರಗಳಿಗೂ ಪೆಟ್ಟು.

ಎಕ್ಸಾಸ್ಟ್ ಫ್ಯಾನ್ ಹಾಕಿದರೆ ಆವಿ ಒಳಗಿಂದ ಪಕ್ಕದ ಮನೆಗೆ ಹೋಗುತ್ತದೆ, ಅಷ್ಟೇ. ಇದ್ದಿಲಿನ ಫಿಲ್ಟರ್ ಆವಿಯನ್ನು ಹಿಡಿದಿಡುತ್ತದೆ, ತುಂಬಿದ ಮೇಲೆ ಬದಲಿಸಬೇಕು. ಬಯೋಫಿಲ್ಟರ್ ಮಾತ್ರ ಆವಿಯನ್ನು ತಿಂದೇ ಹಾಕುತ್ತದೆ.

ಹೇಗೆ ಕೆಲಸ ಮಾಡುತ್ತದೆ?

ಕಾಂಪೋಸ್ಟ್ ಗೊಬ್ಬರ, ಕಟ್ಟಿಗೆ ಚೂರು ಬೆರೆಸಿ ಸುಮಾರು ಒಂದು ಮೀಟರ್ ದಪ್ಪದ ಹಾಸಿಗೆ ಮಾಡುತ್ತಾರೆ. ಆವಿ ತುಂಬಿದ ಗಾಳಿಯನ್ನು ಮೊದಲು ಸೋಸಿ ಬಣ್ಣದ ಕಣ ತೆಗೆದು, ತೇವ ಮಾಡಿ, ಹಾಸಿಗೆಯೊಳಗೆ ನಿಧಾನಕ್ಕೆ ಹಾಯಿಸುತ್ತಾರೆ. ಗೊಬ್ಬರದಲ್ಲಿರುವ ಸೂಕ್ಷ್ಮಜೀವಿಗಳಿಗೆ ಈ ಆವಿಯೇ ಊಟ. ಸ್ಯೂಡೋಮೋನಾಸ್ ಪುಟಿಡಾ ಎಂಬ ಬ್ಯಾಕ್ಟೀರಿಯಾ ಟಾಲ್ವೀನ್ ತಿಂದು ಬದುಕಬಲ್ಲದು. ಕೊನೆಗೆ ಉಳಿಯುವುದು ಹೆಚ್ಚಾಗಿ ಇಂಗಾಲದ ಡೈಆಕ್ಸೈಡ್ ಮತ್ತು ನೀರು.

ಇಲ್ಲಿನ ತೊಡಕು ಏನು?

ಮೊದಲನೆಯದು ಜಾಗ. ಗಾಳಿ ಹಾಸಿಗೆಯೊಳಗೆ ಅರ್ಧ ನಿಮಿಷದಿಂದ ಒಂದು ನಿಮಿಷ ಇರಬೇಕು. ಗಂಟೆಗೆ 1,000 ಘನ ಮೀಟರ್ ಗಾಳಿ ಎಳೆಯುವ ಫ್ಯಾನಿಗೆ 45 ಸೆಕೆಂಡ್ ಲೆಕ್ಕ ಹಿಡಿದರೂ 12.5 ಘನ ಮೀಟರ್ ಹಾಸಿಗೆ ಬೇಕು. ಅಂದರೆ ಸುಮಾರು 135 ಚದರ ಅಡಿ.

ಎರಡನೆಯದು ನೀರು. ಹಾಸಿಗೆ ಒಣಗಿದರೆ ಜೀವಿಗಳು ಕೆಲಸ ನಿಲ್ಲಿಸುತ್ತವೆ, ಬಿರುಕಿನಲ್ಲಿ ಆವಿ ಹಾಗೇ ಪಾರಾಗುತ್ತದೆ. ನೀರು ಹೆಚ್ಚಾದರೆ ಗಾಳಿಯೇ ಹೋಗುವುದಿಲ್ಲ. 40 ಡಿಗ್ರಿ ದಾಟುವ ನಮ್ಮ ಬೇಸಿಗೆಯಲ್ಲಿ ನೆರಳು, ತೇವ ಎರಡೂ ಬೇಕೇ ಬೇಕು.

ಮೂರನೆಯದು ಕೆಲಸದ ರೀತಿ. ಎರಡು ದಿನ ಬಣ್ಣ ಹೊಡೆದು ಎರಡು ವಾರ ಬಿಟ್ಟರೆ ಜೀವಿಗಳು ಉಪವಾಸ ಬೀಳುತ್ತವೆ. ದನ ಸಾಕಿದ ಹಾಗೆ, ಮೇವು ನೀರು ತಪ್ಪಬಾರದು.

ಹಾಗಾಗಿ ದಿನವೂ ಬಣ್ಣದ ಕೆಲಸ ನಡೆಯುವ, ಹಿತ್ತಲಲ್ಲಿ ಜಾಗ ಇರುವ ಘಟಕಗಳಿಗೆ ಇದು ಹೊಂದುತ್ತದೆ. ರಸ್ತೆ ಬದಿಯ ಸಣ್ಣ ಗ್ಯಾರೇಜಿಗೆ ಕಷ್ಟ. ಅಲ್ಲಿ ಥಿನ್ನರ್ ಡಬ್ಬಿಗೆ ಮುಚ್ಚಳ ಹಾಕುವುದು, ಗಾಳಿಯಾಡುವ ಕಡೆ ಕೆಲಸ ಮಾಡುವುದು ಮೊದಲ ಹೆಜ್ಜೆ. ಮುಖಕ್ಕೆ ಕಟ್ಟುವ ಕರ್ಚೀಫು, ಧೂಳಿನ ಮಾಸ್ಕು ಆವಿಯನ್ನು ತಡೆಯುವುದಿಲ್ಲ. ಆವಿಗೆಂದೇ ಮಾಡಿದ, ಇದ್ದಿಲಿನ ಕಾರ್ಟ್ರಿಜ್ ಇರುವ ಮಾಸ್ಕನ್ನೇ ಹಾಕಿಕೊಳ್ಳಬೇಕು.