ಮೂಕಜೀವಿಗಳ ತಾತ್ಕಾಲಿಕ ಪಾಲನೆ: ಜೈನ ಕುಟುಂಬಗಳು ತಿಳಿದಿರಬೇಕಾದದ್ದು

ಗಾಯಗೊಂಡ ಅಥವಾ ಸಾಕಿದವರೇ ಬಿಟ್ಟುಹೋದ ಪ್ರಾಣಿಯನ್ನು ಆಶ್ರಯಧಾಮದಿಂದ ಮನೆಗೆ ತಂದು, ಕೆಲವು ವಾರ ನೋಡಿಕೊಂಡು, ಕಾಯಂ ಮನೆ ಸಿಕ್ಕಾಗ ಒಪ್ಪಿಸಿಕೊಡುವುದೇ ತಾತ್ಕಾಲಿಕ ಪಾಲನೆ. ಇದಕ್ಕೆ ಫಾಸ್ಟರಿಂಗ್ ಎಂದೂ ಹೇಳುತ್ತಾರೆ. 1991ರಲ್ಲಿ ಕ್ರಿಸ್ಟಲ್ ರೋಜರ್ಸ್ ಬೆಂಗಳೂರಿನಲ್ಲಿ ಆರಂಭಿಸಿದ ಕ್ಯೂಪಾ ಸೇರಿದಂತೆ ಹಲವು ಸಂಸ್ಥೆಗಳಿಗೆ ಇಂಥ ಮನೆಗಳು ಬೇಕಾಗಿವೆ. ಧಾಮಗಳಲ್ಲಿ ಸ್ಥಳ ಸಾಲದು. ಅಲ್ಲದೆ ಲಸಿಕೆ ಪೂರ್ಣಗೊಳ್ಳದ ಮರಿಗಳಿಗೆ ಅಲ್ಲಿ ಪಾರ್ವೊ, ಡಿಸ್ಟೆಂಪರ್ ರೋಗಗಳು ಬೇಗ ತಗಲುತ್ತವೆ.

ಜೀವದಯೆ ಜೈನರಿಗೆ ಹೊಸದಲ್ಲ. ಮೈಸೂರಿನ ಚಾಮುಂಡಿ ಬೆಟ್ಟದ ತಪ್ಪಲಿನ ಪಿಂಜರಾಪೋಲ್‌ನಂಥ ಸಂಸ್ಥೆಗಳಿಗೆ ದಾನ ಕೊಡುವವರು ನಮ್ಮಲ್ಲಿ ಅನೇಕರಿದ್ದಾರೆ. ಆದರೆ ಪ್ರಾಣಿ ಮನೆಯೊಳಗೇ ಬಂದಾಗ ಬೇರೆ ಪ್ರಶ್ನೆಗಳು ಏಳುತ್ತವೆ.

ವ್ರತ ಏನು ಹೇಳುತ್ತದೆ?

ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಅಹಿಂಸಾಣುವ್ರತದ ಐದು ಅತಿಚಾರಗಳಿವೆ: ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ಬಂಧವೆಂದರೆ ಕಟ್ಟಿಹಾಕುವುದು, ಅನ್ನಪಾನನಿರೋಧವೆಂದರೆ ಅನ್ನ, ನೀರು ತಪ್ಪಿಸುವುದು. ಎಲ್ಲರೂ ಬೆಳಿಗ್ಗೆ ಹೊರಟು ಸಂಜೆ ಮರಳುವ ಮನೆಯಲ್ಲಿ ಮರಿ ದಿನವಿಡೀ ಸರಪಳಿಯಲ್ಲೇ ಇರಬೇಕಾದೀತು. ಅಂಥವರು ತರದಿರುವುದೇ ಲೇಸು.

ಆಹಾರದ ಪ್ರಶ್ನೆ

ಪಶುವೈದ್ಯರ ಸಲಹೆಯಂತೆ ಸಮತೋಲಿತ ಸಸ್ಯಾಹಾರ ಕೊಟ್ಟು ನಾಯಿಯನ್ನು ಸಾಕಬಹುದು. ಬರೀ ಹಾಲು-ಅನ್ನ ಸಾಲದು. ಬೆಳೆಯುವ ಮರಿಗಂತೂ ಹೆಚ್ಚಿನ ಎಚ್ಚರ ಬೇಕು. ಈರುಳ್ಳಿ, ಬೆಳ್ಳುಳ್ಳಿ ನಾಯಿಗೆ ವಿಷ. ಅವು ನಮ್ಮ ಅನೇಕ ಮನೆಗಳಲ್ಲಿ ಇರುವುದಿಲ್ಲ. ಆದರೆ ದ್ರಾಕ್ಷಿ, ಒಣದ್ರಾಕ್ಷಿಯೂ ಅದರ ಮೂತ್ರಪಿಂಡ ಕೆಡಿಸಬಲ್ಲವು ಎಂಬುದು ನೆನಪಿರಲಿ.

ಬೆಕ್ಕಿನ ವಿಷಯ ಬೇರೆ. ಅದರ ದೇಹರಚನೆಯೇ ಮಾಂಸಾಹಾರಕ್ಕೆ ಹೊಂದಿಕೊಂಡಿದೆ. ಅದಕ್ಕೆ ಬೇಕಾದ ಟಾರಿನ್ ಎಂಬ ಸತ್ವ ಕಡಿಮೆಯಾದರೆ ಕಣ್ಣು, ಹೃದಯ ಕೆಡುತ್ತವೆ. ಮನೆಗೆ ಮಾಂಸ ಬರಬಾರದೆನ್ನುವವರು ಅದನ್ನು ಮೊದಲೇ ತಿಳಿಸಿ, ಬೆಕ್ಕಿನ ಬದಲು ನಾಯಿ ಅಥವಾ ಹುಲ್ಲು ತಿನ್ನುವ ಮೊಲವನ್ನು ಕೇಳಬಹುದು. ಬೆಕ್ಕನ್ನು ತಂದು ಹಾಲು-ಅನ್ನದಲ್ಲೇ ಇರಿಸಿದರೆ ಅದು ಅನ್ನಪಾನನಿರೋಧಕ್ಕೆ ಸಮೀಪವಾಗುತ್ತದೆ.

ತರುವ ಮುನ್ನ

ಎಷ್ಟು ವಾರ, ಚಿಕಿತ್ಸೆಯ ಖರ್ಚು ಯಾರದು, ಯಾವ ಲಸಿಕೆ ಆಗಿದೆ, ರಾತ್ರಿ ತೊಂದರೆಯಾದರೆ ಯಾರಿಗೆ ಕರೆ ಮಾಡಬೇಕು ಎಂಬುದನ್ನು ಬರೆಸಿಕೊಳ್ಳಬೇಕು. ಮನೆಯಲ್ಲಿ ಬೇರೆ ಪ್ರಾಣಿಯಿದ್ದರೆ ಹೊಸದನ್ನು ಎರಡು ವಾರ ಪ್ರತ್ಯೇಕವಾಗಿಡುವುದು ಒಳಿತು. ಕಚ್ಚಿದರೆ ಅಥವಾ ಪರಚಿದರೆ ಗಾಯವನ್ನು ಸಾಬೂನು, ನೀರಿನಿಂದ 15 ನಿಮಿಷ ತೊಳೆದು ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ರಾಯಚೂರು ಜಿಲ್ಲೆಯ ವಳಕಮದಿನ್ನಿಯಂಥ ಊರುಗಳಿಂದ ಬೆಂಗಳೂರಿನ ಧಾಮಗಳು ಬಹುದೂರ. ಅಂಥ ಕಡೆ ಹತ್ತಿರದ ಪಶು ಆಸ್ಪತ್ರೆಯಲ್ಲಿ ಮರಿಯನ್ನು ತೋರಿಸಿ, ಬಂಧುಬಳಗದಲ್ಲೇ ಕಾಯಂ ಮನೆ ಹುಡುಕಬಹುದು. ಸಾಕಿದ ಪ್ರಾಣಿ ಹಸಿವು, ಬಾಯಾರಿಕೆಯಿಂದ ನರಳುವಂತೆ ಬಿಟ್ಟುಬಿಡುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಡಿ ಅಪರಾಧ.

ಒಪ್ಪಿಸುವ ದಿನ

ಎಲ್ಲಕ್ಕಿಂತ ಕಷ್ಟದ್ದು ಇದು. ಮಕ್ಕಳು ಅಳುತ್ತಾರೆ, ದೊಡ್ಡವರ ಮನಸ್ಸೂ ಹಿಂಜರಿಯುತ್ತದೆ. ಹಾಗೆಂದು ಉಳಿಸಿಕೊಂಡರೆ ಮುಂದಿನ ಮರಿಗೆ ಆ ಮನೆಯಲ್ಲಿ ಜಾಗವಿರದೆ ಹೋಗಬಹುದು. ಮರಿ ನಮ್ಮದಲ್ಲ, ಕೆಲವು ದಿನದ ಅತಿಥಿ ಎಂದು ಮಕ್ಕಳಿಗೆ ಮೊದಲ ದಿನವೇ ಹೇಳಿದ್ದರೆ ಅಪರಿಗ್ರಹದ ಪಾಠ ಮನೆಯಲ್ಲೇ ಆದಂತೆ.