ಹಾಡಿಗೆ ಕುಣಿದ ಮೀಟರು

ಟೆರೇಸಿನ ಮೇಲೆ ನಿಂತು ನಾಲ್ಕನೇ ಸಲ ತಂತಿ ಕತ್ತರಿಸಿದಾಗಲೇ ಏನೋ ಎಡವಟ್ಟಾಗ್ತಿದೆ ಅಂತ ಅನ್ನಿಸಿತ್ತು. ಆದ್ರೂ ಕತ್ತರಿಸಿದೆ. ಕೈಯಲ್ಲಿದ್ದ ಮೀಟರು ಹಾಗೆ ಹೇಳ್ತಿತ್ತಲ್ಲ!

ಹ್ಯಾಮ್ ರೇಡಿಯೊ ಲೈಸೆನ್ಸ್ ಕೈಗೆ ಬಂದು ಆಗ ಎರಡು ವಾರ. ಪರೀಕ್ಷೆ ಬರೆದು, ತಿಂಗಳುಗಟ್ಟಲೆ ಕಾದು, ಕೊನೆಗೂ ವಿಯು3ಯಿಂದ ಶುರುವಾಗುವ ನನ್ನದೇ ಕರೆಸಂಕೇತ ಸಿಕ್ಕಿತ್ತು. ಭಾನುವಾರ ಬೆಳಿಗ್ಗೆ 7 ಮೆಗಾಹರ್ಟ್ಜ್‌ನಲ್ಲಿ, ಹ್ಯಾಮ್‌ಗಳು 40 ಮೀಟರ್ ಬ್ಯಾಂಡ್ ಅನ್ನೋ ಕಡೆ, ನನಗೆ ಪಾಠ ಹೇಳಿಕೊಟ್ಟ ಹಿರಿಯರೊಬ್ಬರು ಕಾಯ್ತೀನಿ ಅಂದಿದ್ದರು. ಅವರಿಗೆ ಎಂಬತ್ತರ ಹತ್ತಿರ ವಯಸ್ಸು. ಫೋನಿನಲ್ಲಿ ಕಿವಿ ಸರಿಯಾಗಿ ಕೇಳಲ್ಲ, ಹೆಡ್‌ಫೋನ್ ಹಾಕಿಕೊಂಡು ರೇಡಿಯೊ ಮುಂದೆ ಕೂತರೆ ಮಾತ್ರ ಎಲ್ಲಾ ಕೇಳುತ್ತೆ. ಎರಡು ಭಾನುವಾರ ಅವರು ಕರೆದಿದ್ದು ನನಗೆ ಕೇಳಿಸಿತ್ತು. ನಾನು ಕರೆದಿದ್ದು ಅವರಿಗೆ ಕೇಳಿಸಿರಲಿಲ್ಲ.

ಆ್ಯಂಟೆನಾದ್ದೇ ತೊಂದರೆ ಅಂತ ತೀರ್ಮಾನಿಸಿದೆ. ನನ್ನದು ತೀರಾ ಸರಳವಾದದ್ದು: ನೆಟ್ಟಗೆ ನಿಲ್ಲಿಸಿದ ಫೈಬರ್ ಕೋಲಿಗೆ ಸುತ್ತಿದ ಒಂದು ತಾಮ್ರದ ತಂತಿ, ಕೆಳಗೆ ಟೆರೇಸಿನ ಮೇಲೆ ಹರಡಿದ ಇನ್ನಷ್ಟು ತಂತಿಗಳು. 7.1 ಮೆಗಾಹರ್ಟ್ಜ್‌ಗೆ ಕಾಲು ತರಂಗ ಅಂದ್ರೆ ಸುಮಾರು 10 ಮೀಟರ್. ಕತ್ತರಿಸೋಕೆ ಇರಲಿ ಅಂತ 10.3 ಮೀಟರ್ ಇಟ್ಟಿದ್ದೆ. ಮೊದಲು ಉದ್ದ ಬಿಟ್ಟು, ಅಳೆದು, ಆಮೇಲೆ ಚೂರುಚೂರೇ ಕತ್ತರಿಸೋದು ವಾಡಿಕೆ.

ಅಳೆಯೋದು ಏನನ್ನ? ಎಸ್‌ಡಬ್ಲ್ಯುಆರ್ ಅನ್ನೋ ಒಂದು ಸಂಖ್ಯೆಯನ್ನ. ರೇಡಿಯೊದಿಂದ ಹೊರಟ ಶಕ್ತಿಯನ್ನ ಆ್ಯಂಟೆನಾ ಪೂರ್ತಿ ಒಪ್ಪಿಕೊಂಡರೆ ಈ ಸಂಖ್ಯೆ 1. ಸ್ವಲ್ಪ ವಾಪಸ್ ಒದ್ದರೆ ಏರುತ್ತಾ ಹೋಗುತ್ತೆ. 1.5ರ ಒಳಗಿದ್ದರೆ ನಿಶ್ಚಿಂತೆ. 3 ದಾಟಿದರೆ ಈಗಿನ ಬಹುಪಾಲು ರೇಡಿಯೊಗಳು ತಮ್ಮನ್ನು ತಾವು ಕಾಪಾಡಿಕೊಳ್ಳೋಕೆ ಪವರ್ ಇಳಿಸಿಬಿಡುತ್ತವೆ. ಹಾಗೆ ಇಳಿಸೋ ಬುದ್ಧಿ ಇಲ್ಲದ ಸೆಟ್ಟಾದರೆ ಕೊನೆಯ ಟ್ರಾನ್ಸಿಸ್ಟರ್ ಸುಟ್ಟು ಹೋಗಬಹುದು.

ನಾನೇ ಕಟ್ಟಿದ ಅನಲೈಸರ್ ಇತ್ತು. ಒಂದು ಆರ್ಡುಯಿನೋ, ಎಡಿ9850 ಮಾಡ್ಯೂಲು, ಎರಡು ಡಯೋಡು. ಅದು 3.1 ತೋರಿಸಿತು. ಒಂದಡಿ ಕತ್ತರಿಸಿದೆ. 2.9. ಇನ್ನೊಂದಡಿ. 3.3. ಮತ್ತೊಂದು. 2.8. ಕೊನೆಗೆ ಸಿಟ್ಟಿನಲ್ಲಿ ಇನ್ನೊಂದು ಗೇಣು. 3.2. ತಂತಿ 9.2 ಮೀಟರಿಗೆ ಇಳಿದಿತ್ತು. ಮೀಟರು ಮಾತ್ರ ಇದ್ದಲ್ಲೇ ಇತ್ತು.

ಹಿರಿಯರ ಮಗಳ ಮೂಲಕ ಫೋನಿನಲ್ಲಿ ವಿಷಯ ಮುಟ್ಟಿಸಿದೆ. ಅಲ್ಲಿಂದ ಬಂದದ್ದು ಒಂದೇ ಪ್ರಶ್ನೆ: ‘ಮೀಟರು ಹಾಡಿಗೆ ತಾಳ ಹಾಕ್ತಿದೆಯಾ ನೋಡು ಅಂತಿದ್ದಾರೆ ಅಪ್ಪ.’

ತಮಾಷೆ ಅಂದುಕೊಂಡೆ. ಆದರೂ ಅಮ್ಮನ ಅಡುಗೆಮನೆ ರೇಡಿಯೊವನ್ನ ಟೆರೇಸಿಗೆ ತಂದು ಹತ್ತಿರದ ಮಧ್ಯಮ ತರಂಗ ಕೇಂದ್ರಕ್ಕೆ ತಿರುಗಿಸಿದೆ. ಆ ಕೇಂದ್ರದ ಗೋಪುರ ನಮ್ಮ ಮನೆಯಿಂದ ಮೂರು ಕಿಲೋಮೀಟರ್. ರಾತ್ರಿ ಅದರ ಕೆಂಪು ದೀಪ ಟೆರೇಸಿನಿಂದಲೇ ಕಾಣುತ್ತೆ. ವಾರ್ತೆ ಮುಗಿದು ವಾದ್ಯ ಸಂಗೀತ ಶುರುವಾಯಿತು. ಡೋಲಿನ ಏಟು ಬಿದ್ದಾಗಲೆಲ್ಲ ಪರದೆಯ ಮೇಲಿನ ಅಂಕೆ ಹಾರುತ್ತಿತ್ತು. ಮಧ್ಯೆ ಉದ್ಘೋಷಕರು ಉಸಿರು ತಗೊಂಡಾಗ ಅದೂ ಉಸಿರು ತಗೋತಿತ್ತು. ನಾನು ಇಷ್ಟು ಹೊತ್ತು ಆ್ಯಂಟೆನಾ ಅಳೆದಿರಲಿಲ್ಲ, ಸಂಗೀತ ಕಚೇರಿ ಅಳೆದಿದ್ದೆ.

ಲೆಕ್ಕ ಹಾಕಿದರೆ ನಗು ಬರುತ್ತೆ

ನಮ್ಮ ದೊಡ್ಡ ಮಧ್ಯಮ ತರಂಗ ಕೇಂದ್ರಗಳ ಶಕ್ತಿ ಎಷ್ಟು ಅಂತ ಹೆಚ್ಚಿನವರಿಗೆ ಅಂದಾಜಿಲ್ಲ. ಬೆಂಗಳೂರಿನ 612 ಕಿಲೋಹರ್ಟ್ಜ್, ಧಾರವಾಡದ 765 ಕಿಲೋಹರ್ಟ್ಜ್, ಎರಡೂ 200 ಕಿಲೋವ್ಯಾಟ್‌ಗೆ ಕಟ್ಟಿದ ಪ್ರಸಾರಗಳು. 1935ರಲ್ಲಿ ಮೈಸೂರಿನ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಲ್ಲೇ ಶುರು ಮಾಡಿದ ‘ಆಕಾಶವಾಣಿ’ಯ ಟ್ರಾನ್ಸ್‌ಮಿಟರು 30 ವ್ಯಾಟಿನದು. ಒಂದು ಬಲ್ಬಿನಷ್ಟು! ಅಲ್ಲಿಂದ ಇಲ್ಲಿಗೆ ಆರು ಸಾವಿರ ಪಟ್ಟಿಗೂ ಹೆಚ್ಚು.

200 ಕಿಲೋವ್ಯಾಟಿನ ಗೋಪುರದಿಂದ ಮೂರು ಕಿಲೋಮೀಟರ್ ದೂರದಲ್ಲಿ ಒಂದೊಂದು ಮೀಟರ್ ಎತ್ತರಕ್ಕೂ ಸುಮಾರು 1.4 ವೋಲ್ಟ್ ಇರುತ್ತೆ. ನೆಟ್ಟಗೆ ನಿಂತ ನನ್ನ 10 ಮೀಟರ್ ತಂತಿ ಅದರಲ್ಲಿ ಅರ್ಧದಷ್ಟನ್ನ ಹಿಡಿಯುತ್ತೆ ಅಂದ್ರೂ 7 ವೋಲ್ಟ್. ಪುಣ್ಯಕ್ಕೆ, ಆ ತರಂಗದ ಉದ್ದ ಅರ್ಧ ಕಿಲೋಮೀಟರಿನಷ್ಟು. ಅದಕ್ಕೆ ಹೋಲಿಸಿದರೆ ನನ್ನ ತಂತಿ ಒಂದು ಹಲ್ಲುಕಡ್ಡಿ. ಹಾಗಾಗಿ ಆ 7 ವೋಲ್ಟ್ ಮೂರು ಸಾವಿರ ಓಮ್‌ನಷ್ಟು ಅಡ್ಡಿ ದಾಟಿ ಬರಬೇಕು. ಅನಲೈಸರಿನ 50 ಓಮ್‌ಗೆ ಬರುವ ಹೊತ್ತಿಗೆ ಉಳಿಯೋದು 0.12 ವೋಲ್ಟ್.

ಇಷ್ಟೇನಾ ಅನ್ನಬೇಡಿ. ನನ್ನ ಅನಲೈಸರ್ ತಾನೇ ಹೊರಗೆ ಕಳಿಸೋ ಶಕ್ತಿ 1 ಮಿಲಿವ್ಯಾಟ್, ಅಂದ್ರೆ 0.22 ವೋಲ್ಟ್. ಅದರ ಅರ್ಧಕ್ಕಿಂತ ಹೆಚ್ಚು ಹೊರಗಿನಿಂದ ನುಗ್ತಿದೆ! ಪಾಪ, ಡಯೋಡಿಗೆ ಕಿವಿ ಇದೆ, ವಿವೇಚನೆ ಇಲ್ಲ. 7 ಮೆಗಾಹರ್ಟ್ಜ್ ಯಾವುದು, ಮಧ್ಯಮ ತರಂಗ ಯಾವುದು ಅಂತ ಅದಕ್ಕೆ ಗೊತ್ತಾಗಲ್ಲ. ಬಂದ ವೋಲ್ಟೇಜನ್ನೆಲ್ಲ ‘ಆ್ಯಂಟೆನಾದಿಂದ ವಾಪಸ್ ಬಂದದ್ದು’ ಅಂತ ಬರೆದುಕೊಳ್ಳುತ್ತೆ. ಅರ್ಧ ವೋಲ್ಟೇಜ್ ವಾಪಸ್ ಬಂದರೆ ಎಸ್‌ಡಬ್ಲ್ಯುಆರ್ ಎಷ್ಟು? ಸರಿಯಾಗಿ 3. ನಾನು ಮಧ್ಯಾಹ್ನವೆಲ್ಲ ನೋಡಿದ ಅಂಕೆ.

ಇದರಲ್ಲೊಂದು ಕ್ರೂರ ಹಾಸ್ಯವೂ ಇದೆ. ಆ್ಯಂಟೆನಾ ಕೆಟ್ಟದಾಗಿದ್ದರೆ ಅದರದೇ ವಾಪಸಾತಿ ದೊಡ್ಡದು, ಹೊರಗಿನ ಗಲಾಟೆ ಅಷ್ಟಾಗಿ ಗೊತ್ತಾಗಲ್ಲ. ಆ್ಯಂಟೆನಾ ಚೆನ್ನಾಗಿದ್ದಷ್ಟೂ ವಾಪಸಾತಿ ಸೊನ್ನೆಗೆ ಹತ್ತಿರ, ಆಗ ಮೀಟರಿನ ತುಂಬಾ ಪಕ್ಕದ ಕೇಂದ್ರವೇ. ಅಂದ್ರೆ ಮೊದಲ ಅಳತೆಯಲ್ಲೇ ನನ್ನ ತಂತಿ ಹೆಚ್ಚುಕಮ್ಮಿ ಸರಿ ಇತ್ತು.

ಮೀಟರಿನ ಮೇಲೆ ಅನುಮಾನ ಬಂದಾಗ ಮಾಡಬೇಕಾದ ಪರೀಕ್ಷೆ ಎರಡೇ ನಿಮಿಷದ್ದು. ಆ್ಯಂಟೆನಾ ಬಿಚ್ಚಿ 50 ಓಮ್‌ನ ಡಮ್ಮಿ ಲೋಡ್ ಹಾಕಿ. ಅಂಕೆ 1ಕ್ಕೆ ಬಂದು ಗಟ್ಟಿಯಾಗಿ ಕೂತರೆ ಮೀಟರು ನಿರಪರಾಧಿ. ಆ್ಯಂಟೆನಾ ಮತ್ತೆ ಹಾಕಿದ ಕೂಡಲೇ ಅಂಕೆ ತೂರಾಡೋಕೆ ಶುರುವಾದರೆ ತಂತಿ ಕತ್ತರಿಸೋ ಕೈಯನ್ನ ಜೇಬಿನಲ್ಲಿ ಇಟ್ಟುಕೊಳ್ಳಿ.

ನಿಮ್ಮಲ್ಲಿ ಹಲವರ ಹತ್ತಿರ ಈಗ ನ್ಯಾನೋವಿಎನ್‌ಎ ಇರಬಹುದು, ಆನ್‌ಲೈನಿನಲ್ಲಿ ಕೆಲವು ಸಾವಿರಕ್ಕೆ ಸಿಗೋ, ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದಾದ ಉಪಕರಣ. ಅದು ಬರೀ ಡಯೋಡಿಗಿಂತ ಜಾಣ, ತಾನು ಕಳಿಸಿದ ಆವರ್ತನವನ್ನೇ ಹುಡುಕಿ ಕೇಳಿಸಿಕೊಳ್ಳುತ್ತೆ. ಆದರೆ ಕಳಿಸೋ ಶಕ್ತಿ 0.1 ಮಿಲಿವ್ಯಾಟಿನ ಆಸುಪಾಸು, ಒಳಗಿನ ಮಿಕ್ಸರುಗಳೂ ಸೂಕ್ಷ್ಮ. ಮುಂಬಾಗಿಲಲ್ಲೇ ಜಾತ್ರೆ ಸೇರಿದರೆ ಒಳಗಿದ್ದವನ ಮಾತು ಹೇಗೆ ಕೇಳಿಸಬೇಕು? ಪರದೆಯ ಗೆರೆಗೆ ಕಂಬಳಿಹುಳದ ಹಾಗೆ ರೋಮ ಏಳುತ್ತೆ. ಒಂದೊಂದು ಸಲ ಒಂದೊಂದು ಥರ ಕಾಣುತ್ತೆ. ಅದರ ಮೊದಲ ಮಾದರಿಯ ಮಿಕ್ಸರ್ ಚಿಪ್ಪಿನ ಹೆಸರು ಎಸ್‌ಎ612. ಬೆಂಗಳೂರಿನವರಿಗೆ 612ರ ಕಾಟ 612ರೊಳಗೇ!

ಈ ತಲೆನೋವಿಗೆ ನಮ್ಮ ಪಕ್ಕದ ಊರಿನಲ್ಲೇ ಒಂದು ಉತ್ತರ ಹುಟ್ಟಿದೆ. ಅಗ್ಗದ ಬಿಟ್‌ಎಕ್ಸ್ ರೇಡಿಯೊಗಳಿಂದ ಜಗತ್ತಿನ ಹ್ಯಾಮ್‌ಗಳಿಗೆಲ್ಲ ಪರಿಚಿತರಾದ ಹೈದರಾಬಾದಿನ ಅಶ್ಹರ್ ಫರ್ಹಾನ್ ಅವರ ‘ಆಂಟುಯಿನೋ’. ಅದರಲ್ಲಿ ಡಯೋಡಿನ ಬದಲು ಸೂಪರ್‌ಹೆಟ್ ರಿಸೀವರ್ ಇದೆ, ಕ್ರಿಸ್ಟಲ್ ಫಿಲ್ಟರ್ ಸಮೇತ. ಬೇಕಾದ ಆವರ್ತನದ ಸಣ್ಣ ಕಿಂಡಿಯೊಂದನ್ನೇ ತೆರೆದು ಕೇಳೋದರಿಂದ ಪಕ್ಕದ ಗದ್ದಲ ಅಷ್ಟಾಗಿ ಒಳಗೆ ಬರಲ್ಲ.

ನನ್ನ ಹತ್ತಿರ ಅದು ಇರಲಿಲ್ಲ. ಇದ್ದದ್ದು ಹಿರಿಯರು ಹೇಳಿಸಿದ ಮೂರು ದಾರಿ.

ಒಂದು, ಕೇಂದ್ರ ಮಲಗೋವರೆಗೂ ಕಾಯೋದು. ನಮ್ಮದು ರಾತ್ರಿ ಹನ್ನೊಂದು ದಾಟಿದ ಮೇಲೆ ನಿಲ್ಲುತ್ತೆ. ಖರ್ಚಿಲ್ಲದ ದಾರಿ. ಆದರೆ ಕತ್ತಲಲ್ಲಿ ಟೆರೇಸಿನ ಅಂಚಿನ ಹತ್ತಿರ ಕೋಲು ಇಳಿಸಿ ಏರಿಸೋದಕ್ಕೆ ಅಮ್ಮ ಒಪ್ಪಲಿಲ್ಲ. ಸರಿಯೇ.

ಎರಡನೆಯದು, ಪಿಸುಮಾತು ಬಿಟ್ಟು ಜೋರಾಗಿ ಮಾತಾಡೋದು. 1 ಮಿಲಿವ್ಯಾಟಿನ ಬದಲು ರೇಡಿಯೊದಿಂದಲೇ 5 ವ್ಯಾಟ್ ಕಳಿಸಿ, ಮಧ್ಯೆ ಹಳೇ ಕಾಲದ ಎಸ್‌ಡಬ್ಲ್ಯುಆರ್ ಮೀಟರ್ ಇಟ್ಟು ನೋಡೋದು. ಪಕ್ಕದ ಕೇಂದ್ರದಿಂದ ನನ್ನ ಕೇಬಲ್ಲಿಗೆ ಬರ್ತಿದ್ದದ್ದು ಸುಮಾರು 0.3 ಮಿಲಿವ್ಯಾಟ್. 5 ವ್ಯಾಟ್ ಅದರ ಹದಿನಾರು ಸಾವಿರ ಪಟ್ಟು. ಆ ಮುಂದೆ ಯಾವ ಸಂಗೀತ ಕಚೇರಿಯೂ ನಿಲ್ಲಲ್ಲ. ಆವರ್ತನ ಖಾಲಿ ಇದೆಯಾ ಅಂತ ಮೊದಲು ಕೇಳಿಸಿಕೊಂಡು, ಕರೆಸಂಕೇತ ಹೇಳಿ, ಕೆಲವೇ ಸೆಕೆಂಡು ಕಳಿಸಬೇಕು. ಲೈಸೆನ್ಸ್ ಇಲ್ಲದವರು ಇದನ್ನ ಮಾಡೋ ಹಾಗಿಲ್ಲ. ಹಾಗೆ ಅಳೆದಾಗ 9.2 ಮೀಟರ್ ತಂತಿಯ ನಿಜವಾದ ಎಸ್‌ಡಬ್ಲ್ಯುಆರ್ ಸಿಕ್ಕಿತು: ಮೂರೂವರೆ. ಸುಳ್ಳು ಮೂರನ್ನ ನಂಬಿ ಕತ್ತರಿಸಿ ಕತ್ತರಿಸಿ, ನಿಜವಾದ ಮೂರೂವರೆ ಮಾಡಿಟ್ಟಿದ್ದೆ!

ಎಸ್.ಪಿ. ರೋಡಿನ ಡಬ್ಬಿ

ಮೂರನೆಯದು ಫಿಲ್ಟರ್. ನನಗೆ ಹೆಚ್ಚು ಖುಷಿ ಕೊಟ್ಟದ್ದು ಇದೇ. ಮಧ್ಯಮ ತರಂಗ 1.6 ಮೆಗಾಹರ್ಟ್ಜ್ ಆಸುಪಾಸಿನಲ್ಲಿ ಮುಗಿದುಹೋಗುತ್ತೆ. ನನಗೆ ಬೇಕಾದದ್ದು 7. ಹಾಗಾದ್ರೆ 3 ಮೆಗಾಹರ್ಟ್ಜ್‌ನಲ್ಲಿ ಒಂದು ಗೇಟು ಕಟ್ಟಿ, ಮೇಲಿನದನ್ನ ಬಿಟ್ಟು ಕೆಳಗಿನದನ್ನ ತಡೆದರಾಯ್ತು. ಸಾಲಾಗಿ ಮೂರು ಕೆಪ್ಯಾಸಿಟರ್, ಅವುಗಳ ನಡುವಿನ ಎರಡು ಕೂಡಿಕೆಗಳಿಂದ ನೆಲಕ್ಕೆ ಒಂದೊಂದು ಸುರುಳಿ. 50 ಓಮ್‌ಗೆ ಲೆಕ್ಕ ಹಾಕಿದರೆ ಎರಡು ತುದಿಯ ಕೆಪ್ಯಾಸಿಟರ್‌ಗಳು ಸುಮಾರು 1,700 ಪಿಕೋಫ್ಯಾರಡ್, ನಡುವಿನದು 530, ಸುರುಳಿಗಳು 1.6 ಮೈಕ್ರೋಹೆನ್ರಿ. ಟಿ50-2 ಅನ್ನೋ ಕೆಂಪು ಉಂಗುರಕ್ಕೆ 18 ಸುತ್ತು ಸುತ್ತಿದರೆ ಸರಿಹೋಗುತ್ತೆ. ಎಸ್.ಪಿ. ರೋಡಿನಲ್ಲಿ ಅರ್ಧ ದಿನ ಅಲೆದಾಡಿ ಎಲ್ಲ ತಂದೆ. ಒಂದೇ ಅಂಗಡಿಯಲ್ಲಿ ಎಲ್ಲಾ ಸಿಗುತ್ತೆ ಅನ್ನೋ ಆಸೆ ಬೇಡ. ಅಮ್ಮನ ಹಳೇ ಇಂಗಿನ ತಗಡಿನ ಡಬ್ಬಿಯೇ ಪೆಟ್ಟಿಗೆ ಆಯ್ತು.

ಕಾಗದದ ಮೇಲೆ ಈ ಫಿಲ್ಟರ್ 612 ಕಿಲೋಹರ್ಟ್ಜನ್ನ 69 ಡೆಸಿಬೆಲ್ ತಗ್ಗಿಸುತ್ತೆ. ನನ್ನ ಕೈ ಬೆಸುಗೆಗೆ 60 ಬಂದರೂ ಸಾಕು. ವೋಲ್ಟೇಜ್ ಸಾವಿರದಲ್ಲೊಂದು ಪಾಲಾಗುತ್ತೆ. 7 ಮೆಗಾಹರ್ಟ್ಜ್‌ಗೆ ಅಡ್ಡಿ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ.

ಇಲ್ಲೊಂದು ಗುಂಡಿ ಇದೆ, ನಾನು ಬಿದ್ದು ಎದ್ದದ್ದು. ಫಿಲ್ಟರ್ ಮಧ್ಯೆ ಇಟ್ಟರೆ ಎಸ್‌ಡಬ್ಲ್ಯುಆರ್ ಸರಿಯಾಗೇ ಬರುತ್ತೆ. ಆದರೆ ಅನಲೈಸರ್ ಜೊತೆಗೆ ತೋರಿಸೋ ರೋಧ, ಪ್ರತಿರೋಧದ ಅಂಕೆಗಳು ಬೇರೆಯಾಗಿಬಿಡುತ್ತವೆ, ಯಾಕಂದ್ರೆ ಫಿಲ್ಟರ್ ದಾಟುವಾಗ ಅಲೆ ಸ್ವಲ್ಪ ತಿರುಗಿಕೊಂಡಿರುತ್ತೆ. ಆ ಅಂಕೆ ನೋಡಿ ‘ತಂತಿ ಉದ್ದ ಆಯ್ತು, ಗಿಡ್ಡ ಆಯ್ತು’ ಅಂತ ತೀರ್ಮಾನಿಸಿದರೆ ಮತ್ತೆ ಕತ್ತರಿಯೇ ಗತಿ. ನ್ಯಾನೋವಿಎನ್‌ಎಯಲ್ಲಿ ಇದಕ್ಕೆ ಉಪಾಯ ಸುಲಭ. ಮೊದಲು ಫಿಲ್ಟರ್ ಜೋಡಿಸಿ, ಅದರ ಆಚೆ ತುದಿಗೆ ಓಪನ್, ಶಾರ್ಟ್, ಲೋಡ್ ಹಾಕಿ ಕ್ಯಾಲಿಬ್ರೇಟ್ ಮಾಡಿ. ಆಗ ಉಪಕರಣದ ಪಾಲಿಗೆ ಫಿಲ್ಟರ್ ಇಲ್ಲವೇ ಇಲ್ಲ, ಅಳತೆ ಶುರುವಾಗೋದೇ ಅದರ ಆಚೆಗೆ. ಕ್ಯಾಲಿಬ್ರೇಟ್ ಮಾಡುವಾಗ ಆ್ಯಂಟೆನಾ ಬಿಚ್ಚಿರೋದರಿಂದ ಕೇಂದ್ರದ ಕಾಟವೂ ಇರಲ್ಲ. ಸಹೋದ್ಯೋಗಿಯೊಬ್ಬನ ನ್ಯಾನೋವಿಎನ್‌ಎ ಎರವಲು ತಂದು ಹಾಗೇ ಮಾಡಿದೆ. ರೋಮ ಎದ್ದಿದ್ದ ಗೆರೆ ನುಣ್ಣಗಾಯಿತು.

ಎಫ್‌ಎಂ ಗೋಪುರದ ನೆರಳಲ್ಲಿ ಮನೆ ಇದ್ದು, 144 ಮೆಗಾಹರ್ಟ್ಜ್ ಆ್ಯಂಟೆನಾ ಅಳೆಯೋರಿಗೂ ಇದೇ ಕಥೆ. ಅವರು ತಡೆಯಬೇಕಾದದ್ದು 88ರಿಂದ 108. ಅಷ್ಟೇ ವ್ಯತ್ಯಾಸ.

ಉಳಿದದ್ದು ಬೆಸುಗೆ. ಕತ್ತರಿಸಿದ ತುಂಡುಗಳನ್ನ ಯಾಕೋ ಎಸೆದಿರಲಿಲ್ಲ. ಮೂವತ್ತು ಸೆಂಟಿಮೀಟರಿನ ಮೂರನ್ನೂ ಒಂದಕ್ಕೊಂದು ಹೆಣೆದು, ಬೆಸೆದು, ಮೇಲೆ ಟೇಪು ಸುತ್ತಿದೆ. 10 ಮೀಟರಿಗೆ ಸ್ವಲ್ಪ ಮೇಲೆ ಬಂತು. ಫಿಲ್ಟರ್ ಹಾಕಿ ಅಳೆದೆ: 1.3. ಅಡುಗೆಮನೆ ರೇಡಿಯೊದಲ್ಲಿ ಆಗ ಜೋರಾಗಿ ಜಾನಪದ ಗೀತೆ ಬರ್ತಿತ್ತು. ಅಂಕೆ ಅಲ್ಲಾಡಲಿಲ್ಲ.

ಭಾನುವಾರ ಏಳು ಗಂಟೆಗೆ ಫಿಲ್ಟರ್ ಬಿಚ್ಚಿ, ರೇಡಿಯೊಗೆ ಕೇಬಲ್ ಹಾಕಿ ಕೂತೆ. ಅವರು ಕರೆದರು. ನಾನು ನನ್ನ ಕರೆಸಂಕೇತ ಹೇಳಿ ಬಟನ್ ಬಿಟ್ಟೆ. ಎರಡು ಸೆಕೆಂಡು ಬರೀ ಗುಸುಗುಸು. ಆಮೇಲೆ ಆ ಕಡೆಯಿಂದ ನನ್ನ ಕರೆಸಂಕೇತ ಒಂದೊಂದೇ ಅಕ್ಷರವಾಗಿ ವಾಪಸ್ ಬಂತು, ಅದರ ಹಿಂದೆಯೇ ಪ್ರಶ್ನೆ: ‘ಎಷ್ಟು ತುಂಡು ಮಾಡಿದ್ದೆ?’

‘ನಾಲ್ಕು ಸರ್’ ಅಂದೆ.

‘ನಾನು ಏಳು ಮಾಡಿದ್ದೆ’ ಅಂದರು.

ನಾಲ್ಕನೆಯ ಗೇಣುದ್ದದ ತುಂಡು ಈಗ ಇಂಗಿನ ಡಬ್ಬಿಯನ್ನ ಗೋಡೆಯ ಮೊಳೆಗೆ ನೇತುಹಾಕೋ ಕೊಕ್ಕೆಯಾಗಿದೆ.