30 ವರ್ಷದ ಬೆಂಜ್, ಆರೂವರೆ ಲಕ್ಷಕ್ಕೆ: ತಗೋಬಹುದಾ?

ಹೋದ ಭಾನುವಾರ ಬೆಳಗ್ಗೆ ಸ್ನೇಹಿತನೊಬ್ಬ ಫೋನ್ ಮಾಡಿ, "ಮಗಾ, ಜಯನಗರಕ್ಕೆ ಬಾ, ಒಂದು ಬೆಂಜ್ ನೋಡೋದಿದೆ" ಅಂದ. ಬೆಲೆ ಆರೂವರೆ ಲಕ್ಷ. ಹೊಸ ಹ್ಯಾಚ್‌ಬ್ಯಾಕ್ ತಗೋಬೇಕು ಅಂತ ಮೂರು ವರ್ಷದಿಂದ ಕೂಡಿಟ್ಟಿರೋ ದುಡ್ಡು ಅವನದು. ಪೂರ್ತಿ ಅಷ್ಟೇ, ಅದರ ಮೇಲೆ ಒಂದು ರೂಪಾಯಿ ಇಲ್ಲ. ಅದಕ್ಕೇ ನಾನೂ ಹೋದೆ.

ಕಾರು ನಿಜಕ್ಕೂ ಚೆನ್ನಾಗಿತ್ತು. ಕಡು ನೀಲಿ ಬಣ್ಣ, ಒಳಗೆ ಮರದ ಪಟ್ಟಿ, ಬಾಗಿಲು ಹಾಕಿದ್ರೆ ಬ್ಯಾಂಕ್ ಲಾಕರ್ ಮುಚ್ಚಿದ ಹಾಗೆ ಶಬ್ದ. ಮಾರೋ ಅಂಕಲ್ ಹೇಳಿದ್ದು ಒಂದೇ ಮಾತು: "ಕಮ್ಮಿ ಓಡಿದೆ, ಕವರ್ ಹಾಕಿ ಇಟ್ಟಿದ್ವಿ."

ಮೊದಲು ಕಾರಿನ ಬಗ್ಗೆ. ಇದು ಮರ್ಸಿಡಿಸ್‌ನ ಇ 220. ಈ ಬಾಡಿಗೆ ಕಂಪನಿ ಇಟ್ಟ ಕೋಡ್ ಡಬ್ಲ್ಯು 124. ಯುರೋಪ್‌ನಲ್ಲಿ ಬಂದಿದ್ದು 1984ರ ಕೊನೆಗೆ. ಡಿಸೈನ್ ವಿಭಾಗದ ಮುಖ್ಯಸ್ಥರಾಗಿದ್ದವರು ಬ್ರೂನೋ ಸಾಕೊ. ಮುಂದಿನ ಗಾಜಿಗೆ ಒಂದೇ ಒಂದು ವೈಪರ್, ಆದ್ರೆ ಅದು ತಿರುಗ್ತಾ ತಿರುಗ್ತಾ ಉದ್ದ ಆಗಿ, ಗಿಡ್ಡ ಆಗಿ ಗಾಜಿನ 86% ಭಾಗ ಒರೆಸುತ್ತೆ. ಯೂಟ್ಯೂಬ್‌ನಲ್ಲಿ ಒಮ್ಮೆ ನೋಡಿ, ಮಜಾ ಇದೆ. ಜಗತ್ತಿನಾದ್ಯಂತ ಈ ಸರಣಿಯ 25 ಲಕ್ಷಕ್ಕೂ ಹೆಚ್ಚು ಕಾರು ತಯಾರಾದವು.

ಮರ್ಸಿಡಿಸ್ ಕಂಪನಿ ಭಾರತದಲ್ಲಿ ಶುರುವಾಗಿದ್ದು 1994ರಲ್ಲಿ, ಟೆಲ್ಕೋ ಜೊತೆ ಸೇರಿ. ಟೆಲ್ಕೋ ಅಂದ್ರೆ ಈಗಿನ ಟಾಟಾ ಮೋಟಾರ್ಸ್. 1995ರಲ್ಲಿ ಪುಣೆಯಲ್ಲಿ ಜೋಡಿಸಿ ಹೊರಬಿಟ್ಟ ಮೊದಲ ಮಾಡೆಲ್ ಇದೇ. ಅದೇ ವರ್ಷ ಯುರೋಪ್‌ನಲ್ಲಿ ಇದರ ಮುಂದಿನ ಪೀಳಿಗೆ ಬಂದಾಗಿತ್ತು. ಅಲ್ಲಿಗೆ ಹಳೇದಾಗಿದ್ದು ನಮಗೆ ಹೊಸದಾಗಿ ಬಂತು, ಇರಲಿ.

ಈಗ "ಕಮ್ಮಿ ಓಡಿದೆ" ಅನ್ನೋ ಮಾತಿಗೆ ಬರೋಣ. ಹಳೇ ಕಾರಿಗೆ ಇದು ಹೊಗಳಿಕೆನೇ ಆಗಬೇಕಿಲ್ಲ. ನಿಂತ ಕಾರು ಅದರದೇ ರೀತಿಯಲ್ಲಿ ಹಾಳಾಗುತ್ತೆ. ಟ್ಯಾಂಕ್‌ನಲ್ಲಿ ಪೆಟ್ರೋಲ್ ಕೆಟ್ಟು ಅಂಟಾಗುತ್ತೆ, ಬ್ರೇಕ್ ಆಯಿಲ್ ಗಾಳಿಯ ತೇವ ಎಳ್ಕೊಳ್ಳುತ್ತೆ, ರಬ್ಬರ್ ಪೈಪು, ಸೀಲು ಎಲ್ಲ ಗಟ್ಟಿಯಾಗಿ ಬಿರುಕು ಬಿಡುತ್ತೆ. ನಾವು ಟೈರ್ ನೋಡಿದ್ವಿ. ಗ್ರಿಪ್ ಹೊಸದರ ಹಾಗೇ ಇತ್ತು. ಆದ್ರೆ ಟೈರಿನ ಪಕ್ಕದಲ್ಲಿ ಒಂದು ಸಣ್ಣ ಚೌಕದೊಳಗೆ ನಾಲ್ಕು ಅಂಕಿ ಇರುತ್ತೆ: ಮೊದಲ ಎರಡು ತಯಾರಾದ ವಾರ, ಕೊನೆಯ ಎರಡು ವರ್ಷ. ಇಲ್ಲಿ ಇದ್ದಿದ್ದು 1411. ಅಂದ್ರೆ 2011ರ 14ನೇ ವಾರ. ಆ ಟೈರ್ ಹಾಕ್ಕೊಂಡು ನೈಸ್ ರೋಡಿಗೆ ಹೋಗೋದು ಬೇಡ ಗುರು. ನಾಲ್ಕೂ ಬದಲಾಯಿಸಲೇಬೇಕು, ಆ ಖರ್ಚನ್ನ ಬೆಲೆಗೆ ಸೇರಿಸಿಯೇ ಲೆಕ್ಕ ಹಾಕಬೇಕು.

ಇನ್ನೊಂದು, ಈ ಕಾರಿನ ಅಭಿಮಾನಿಗಳಿಗೆಲ್ಲ ಗೊತ್ತಿರೋ ವಿಷಯ: ಇಂಜಿನ್ ವೈರಿಂಗ್. 90ರ ದಶಕದ ಮೊದಲ ಅರ್ಧದಲ್ಲಿ, ಪರಿಸರಕ್ಕೆ ಒಳ್ಳೇದು ಅಂತ, ತಾನಾಗೇ ಕೊಳೆಯೋ ಥರದ ವಸ್ತುವಿನಿಂದ ವೈರ್ ಮೇಲಿನ ಹೊದಿಕೆ ಮಾಡಿದ್ರು. ಅದು ಕೊಳೆಯೋಕೆ ಕಸದ ಗುಂಡಿಗೆ ಹೋಗೋವರೆಗೂ ಕಾಯಲಿಲ್ಲ. ಇಂಜಿನ್ ಬಿಸಿಗೆ ಹಪ್ಪಳದ ಹಾಗೆ ಪುಡಿಪುಡಿ ಆಗಿ, ವೈರು ವೈರು ತಾಕಿ ಶಾರ್ಟ್ ಆಗುತ್ತೆ. ಇಂಜಿನ್ ಜರ್ಕ್ ಹೊಡೆಯುತ್ತೆ, ಕೆಲವೊಮ್ಮೆ ಕಂಪ್ಯೂಟರ್ ಬಾಕ್ಸೇ ಹೋಗುತ್ತೆ. ಹಾಗಾಗಿ 1993ರಿಂದ 95ರ ಪೆಟ್ರೋಲ್ ಕಾರು ಅಂದ್ರೆ ಕೇಳಬೇಕಾದ ಮೊದಲ ಪ್ರಶ್ನೆ, "ಹಾರ್ನೆಸ್ ಬದಲಾಯಿಸಿದ್ದೀರಾ, ಬಿಲ್ ಇದ್ಯಾ?" ವೈರಿನ ಕಟ್ಟಿನ ಮೇಲೆ ತಾರೀಖಿನ ಲೇಬಲ್ ಇರುತ್ತೆ, ಬದಲಾಗಿದ್ರೆ ಅದರಲ್ಲೇ ಗೊತ್ತಾಗುತ್ತೆ. ನಮ್ಮ ಅಂಕಲ್ ಹತ್ರ ಬಿಲ್ ಇರಲಿಲ್ಲ, ಲೇಬಲ್ ಓದೋಕೆ ಆಗದಷ್ಟು ಎಣ್ಣೆ ಹಿಡಿದಿತ್ತು.

ತುಕ್ಕು ನೋಡೋಕೆ ಬಗ್ಗಲೇಬೇಕು. ಜಾಕ್ ಹಾಕೋ ಜಾಗಗಳು ಪ್ಲಾಸ್ಟಿಕ್ ಪಟ್ಟಿಯ ಹಿಂದೆ ಇವೆ, ಮೇಲಿಂದ ಏನೂ ಕಾಣಲ್ಲ. ಕಾರು ಮಂಗಳೂರು, ಕಾರವಾರದ ಕಡೆ ಇದ್ದಿದ್ದಾದ್ರೆ ಇನ್ನೂ ಹುಷಾರು.

ಬಿಕಾಂ ಓದಿದೋನಿಗೆ ಇಲ್ಲಿ ಒಂದು ತಮಾಷೆ ಕಾಣುತ್ತೆ. ಈ ಕಾರಿನ ಡಿಪ್ರಿಸಿಯೇಶನ್ ಎಲ್ಲ ಮುಗಿದುಹೋಗಿದೆ, ಅದಕ್ಕೇ ಅಗ್ಗ ಅನ್ಸುತ್ತೆ. ಬಿಡಿಭಾಗಗಳಿಗೆ ಆ ನಿಯಮ ಇಲ್ಲ. ಅವುಗಳ ಬೆಲೆ ಹ್ಯಾಚ್‌ಬ್ಯಾಕ್ ಲೆಕ್ಕದಲ್ಲಲ್ಲ, ಬೆಂಜ್ ಲೆಕ್ಕದಲ್ಲೇ ಇರುತ್ತೆ. ಹಾಗಾಗಿ ನಾನು ಅವನಿಗೆ ಹೇಳಿದ್ದು: ಮೂರು ವರ್ಷ ಕೂಡಿಟ್ಟಿದ್ದನ್ನ ಪೂರ್ತಿ ಕಾರಿಗೇ ಸುರಿದ್ರೆ, ಅದನ್ನ ಓಡಿಸೋ ಸ್ಥಿತಿಗೆ ತರೋಕೆ ನಿನ್ನ ಹತ್ರ ಏನೂ ಉಳಿಯಲ್ಲ. ಬೆಲೆ ಇಳಿಸಿ, ಉಳಿದಿದ್ದನ್ನ ಪಕ್ಕಕ್ಕೆ ಇಡೋಕಾದ್ರೆ ಮಾತ್ರ ಮುಂದಕ್ಕೆ ಹೋಗು.

ಈಗ ನನಗೆ ನಿಜಕ್ಕೂ ಭಯ ಆಗಿದ್ದು ಎಲ್ಲಿ ಅಂತ ಹೇಳ್ತೀನಿ. ನಂಬರ್ ಪ್ಲೇಟ್ ದೆಹಲಿಯದು. ದೆಹಲಿ ಸುತ್ತಮುತ್ತ 10 ವರ್ಷ ದಾಟಿದ ಡೀಸೆಲ್, 15 ವರ್ಷ ದಾಟಿದ ಪೆಟ್ರೋಲ್ ಗಾಡಿಗಳನ್ನ ಓಡಿಸಬಾರದು ಅಂತ ಹಸಿರು ನ್ಯಾಯಮಂಡಳಿ ಹೇಳಿತ್ತು, 2018ರಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಹೇಳ್ತು. ಆಮೇಲೆ ಅಲ್ಲಿನ ಎಷ್ಟೋ ಒಳ್ಳೇ ಕಾರುಗಳು ಅಗ್ಗಕ್ಕೆ ಬೇರೆ ರಾಜ್ಯಗಳಿಗೆ ಹೋದವು. ಹಾಗಂತ ಕಾರು ಬೆಂಗಳೂರಿಗೆ ಬಂದ ತಕ್ಷಣ ಕಾಗದಾನೂ ಬಂದ ಹಾಗಲ್ಲ. ದೆಹಲಿ ಆರ್‌ಟಿಒದ ಎನ್‌ಒಸಿ ಬೇಕು, ಇಲ್ಲಿ ವಯಸ್ಸಿನ ಲೆಕ್ಕದಲ್ಲಿ ಲೈಫ್‌ಟೈಮ್ ಟ್ಯಾಕ್ಸ್ ಕಟ್ಟಬೇಕು, ಗಾಡಿ ತೋರಿಸಿ ಆರ್‌ಸಿ ನವೀಕರಿಸಬೇಕು. ಕಾರಿನ ನವೀಕರಣ ಶುಲ್ಕ 2022ರ ಏಪ್ರಿಲ್‌ನಲ್ಲಿ 600ರಿಂದ 5,000 ರೂಪಾಯಿಗೆ ಏರಿತ್ತು. 2025ರ ಆಗಸ್ಟ್‌ನಲ್ಲಿ 20 ವರ್ಷ ದಾಟಿದ ಕಾರುಗಳಿಗೆ 10,000 ಮಾಡಿದ್ರು.

"ವಿಂಟೇಜ್ ಅಂತ ಮಾಡಿಸ್ಕೋಬಹುದಲ್ವಾ?" ಅಂತ ಅವನು ಕೇಳಿದ. ಆಗಲ್ಲ. 2021ರ ಕೇಂದ್ರದ ನಿಯಮದ ಪ್ರಕಾರ ವಿಂಟೇಜ್ ಅಂದ್ರೆ 50 ವರ್ಷ ದಾಟಿರಬೇಕು. ಇದಕ್ಕೆ ಇನ್ನೂ ಎರಡು ದಶಕ ಕಾಯಬೇಕು. ಮೇಲಾಗಿ ವಿಂಟೇಜ್ ನಂಬರ್ ಸಿಕ್ಕಿದ್ರೆ ದಿನಾ ಆಫೀಸಿಗೆ ಓಡಿಸೋ ಹಾಗಿಲ್ಲ.

ಅಲ್ಲೇ ಫುಟ್‌ಪಾತ್ ಮೇಲೆ ನಿಂತು ಪರಿವಾಹನ್ ಆ್ಯಪ್‌ನಲ್ಲಿ ನಂಬರ್ ಹಾಕಿದ್ವಿ. ಎರಡು ನಿಮಿಷದ ಕೆಲಸ, ನೀವೂ ಮಾಡಿ. ಸಾಲ ಬಾಕಿ ಏನೂ ಕಾಣಲಿಲ್ಲ, ಅದು ಖುಷಿ. ಆರ್‌ಸಿ ಅವಧಿ ಮಾತ್ರ ಮುಗಿದು ವರ್ಷಗಳೇ ಆಗಿದ್ವು. ಎನ್‌ಒಸಿ ಕೇಳಿದ್ರೆ ಅಂಕಲ್, "ಏಜೆಂಟ್ ಮಾಡಿಸ್ಕೊಡ್ತಾನೆ, ನೀವು ಅಡ್ವಾನ್ಸ್ ಕೊಡಿ" ಅಂದ್ರು.

ಅಡ್ವಾನ್ಸ್ ಕೊಡಲಿಲ್ಲ. "ಎನ್‌ಒಸಿ ಕೈಗೆ ಬಂದ ದಿನ ಫೋನ್ ಮಾಡಿ ಸಾರ್, ಎಲೆಕ್ಟ್ರಿಷಿಯನ್‌ನ ಕರ್ಕೊಂಡೇ ಬರ್ತೀವಿ" ಅಂತ ಹೇಳಿ ಬಂದ್ವಿ. ವಾಪಸ್ ಬರೋ ದಾರೀಲಿ ಅವನು ಮಾತೇ ಆಡಲಿಲ್ಲ. ಬನಶಂಕರಿ ಸಿಗ್ನಲ್ ಹತ್ರ ಮಾತ್ರ ಒಂದು ಸಲ, "ಆ ವೈಪರ್ ನೋಡಿದ್ಯಾ ಮಗಾ?" ಅಂದ.

ಇವತ್ತಿಗೆ ಹತ್ತು ದಿನ ಆಯ್ತು. ಅಂಕಲ್ ಫೋನ್ ಇನ್ನೂ ಬಂದಿಲ್ಲ.